ಹೈಡ್ರಾಲಿಕ್ ಕ್ಲಚ್ ಲಿವರ್ ಹ್ಯಾಂಡಲ್‌ಗೆ ತಾಗುತ್ತಿದೆ, ಪ್ಲೇಟ್ ಬದಲಾಯಿಸಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ಕಕ್ಕಬ್ಬೆ ಕಡೆ ಕಾಫಿ ತೋಟ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಸಾವಿರ ಸಿಸಿಯ ಸೆಕೆಂಡ್ ಹ್ಯಾಂಡ್ ಬೈಕ್ ತಂದೆ. ಕ್ಲಚ್ ಕೇಬಲ್‌ನದಲ್ಲ, ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಕೆಲಸ ಮಾಡುವುದು. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ದೆ. ಈಗ ಓಡಿಸಿದರೆ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಹಿಡಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಫಸ್ಟ್ ಗೇರ್ ಹಾಕಿದರೆ ಟಕ್ಕೆಂದು ಬೈಕ್ ಮುಂದಕ್ಕೆ ಜಗ್ಗುತ್ತದೆ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಮೊನ್ನೆ ಸುಳ್ಯದಿಂದ ಬರುವಾಗ ಸಂಪಾಜೆ ಘಾಟಿಯಲ್ಲಿ ಇನ್ನೂ ಜಾಸ್ತಿಯಾಯಿತು. ಎರಡು ಮೂರು ಸಲ ಲಿವರ್ ಒತ್ತಿ ಬಿಟ್ಟರೆ ಸ್ವಲ್ಪ ಹೊತ್ತು ಸರಿ. ಲಿವರ್ ಕಂಪನಿಯದಲ್ಲ, ಹಿಂದಿನ ಮಾಲೀಕರು ಹಾಕಿಸಿದ ಮಡಚುವ ಲಿವರ್. ನನ್ನ ಕೈ ಚಿಕ್ಕದು ಅಂತ ಅದರ ಡಯಲ್ ತೀರಾ ಹತ್ತಿರಕ್ಕೆ ಇಟ್ಟುಕೊಂಡಿದ್ದೇನೆ. ಹ್ಯಾಂಡಲ್ ಮೇಲಿನ ಕ್ಲಚ್ ಡಬ್ಬಿಯಲ್ಲಿ ಆಯಿಲ್ ಮೇಲಿನ ಗೆರೆಯವರೆಗೂ ಇದೆ, ಬಣ್ಣ ಮಾತ್ರ ಕಪ್ಪಾಗಿದೆ. ಲೀಕ್ ಎಲ್ಲೂ ಕಾಣುವುದಿಲ್ಲ. ಬಾವ ಕ್ಲಚ್ ಪ್ಲೇಟ್ ಹೋಗಿದೆ ಅನ್ನುತ್ತಾರೆ. ಸೆಟ್ ತರಿಸಲೇ?

ಉತ್ತರ: ಸದ್ಯಕ್ಕೆ ತರಿಸಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಪ್ಲೇಟ್ ಸವೆದದ್ದಕ್ಕೆ ಹೊಂದುವಂಥದ್ದು ಒಂದೂ ಇಲ್ಲ.

ಕ್ಲಚ್‌ಗೆ ಬರುವ ತೊಂದರೆ ಎರಡು ಬಗೆ, ಒಂದಕ್ಕೊಂದು ತದ್ವಿರುದ್ಧ. ಲಿವರ್ ಬಿಟ್ಟಿದ್ದರೂ ಕ್ಲಚ್ ಸರಿಯಾಗಿ ಹಿಡಿಯದೆ ಜಾರುವುದು ಒಂದು. ಏರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಕೂಗುತ್ತದೆ, ಬೈಕ್ ಮಾತ್ರ ವೇಗ ಪಡೆಯುವುದಿಲ್ಲ. ಪ್ಲೇಟ್ ಸವೆದರೆ ಆಗುವುದು ಇದು. ಲಿವರ್ ಹಿಡಿದಿದ್ದರೂ ಕ್ಲಚ್ ಪೂರ್ತಿ ಬಿಡದಿರುವುದು ಇನ್ನೊಂದು. ಗೇರ್ ಕಚ್ಚುತ್ತದೆ, ಬೈಕ್ ಜಗ್ಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ನಿಮ್ಮದು ಈ ಎರಡನೆಯದು. ಅದರ ಜೊತೆಗೆ ಎರಡು ಮೂರು ಸಲ ಪಂಪ್ ಮಾಡಿದರೆ ಸರಿಹೋಗುತ್ತದೆ ಎಂದೂ ಬರೆದಿದ್ದೀರಿ. ನನ್ನ ಮಟ್ಟಿಗೆ ರೋಗ ಅರ್ಧ ಗೊತ್ತಾದದ್ದು ಆ ಮಾತಿನಲ್ಲೇ. ಸವೆದ ಪ್ಲೇಟನ್ನು ಪಂಪ್ ಮಾಡಿ ಸರಿಮಾಡಲು ಆಗುವುದಿಲ್ಲ. ಪಂಪ್ ಮಾಡಿದರೆ ಬದಲಾಗುವುದು ಪೈಪಿನೊಳಗಿನ ಆಯಿಲ್ ಒಂದೇ.

ಮೊದಲು ಡಯಲ್ ವಿಷಯ ಮುಗಿಸೋಣ. ಕೇಬಲ್ ಕ್ಲಚ್ಚಿನ ಬೈಕುಗಳಲ್ಲಿ ಲಿವರ್ ಬುಡದ ಅಡ್ಜಸ್ಟರ್ ತಿರುಗಿಸಿದರೆ ಕ್ಲಚ್ಚೇ ಅಡ್ಜಸ್ಟ್ ಆಗುತ್ತದೆ. ನಾವೆಲ್ಲ ಕೈ ಪಳಗಿಸಿಕೊಂಡದ್ದು ಅಂಥ ಬೈಕುಗಳಲ್ಲಿ. ಹಾಗಾಗಿ ಹೈಡ್ರಾಲಿಕ್ ಲಿವರಿನ ಅಂಕಿಯ ಡಯಲ್ ಕಂಡರೂ ಅದನ್ನೇ ಮಾಡಲು ಹೋಗುತ್ತೇವೆ. ಈ ಡಯಲ್‌ಗೂ ಕ್ಲಚ್ ಪ್ಲೇಟಿಗೂ ಸಂಬಂಧವೇ ಇಲ್ಲ. ಲಿವರ್ ಹ್ಯಾಂಡಲಿನ ಹಿಡಿಯಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ, ಕೈ ಅಳತೆಗೆ ತಕ್ಕಂತೆ ಇಟ್ಟುಕೊಳ್ಳಲಿ ಎಂದು. ಲಿವರನ್ನು ಹತ್ತಿರ ತಂದಷ್ಟೂ ಅದು ಹಿಡಿಗೆ ತಾಗುವ ಮೊದಲು ಸಾಗುವ ದಾರಿ ಕಡಿಮೆಯಾಗುತ್ತದೆ. ಆಯಿಲ್ ಸರಿಯಿದ್ದ ಬೈಕಿಗೆ ಆ ಕಡಿಮೆ ದಾರಿಯೂ ಸಾಕು. ಸರಿಯಿಲ್ಲದ ಬೈಕಿಗೆ ಸಾಲದು. ನೀವು ತೀರಾ ಹತ್ತಿರ ಇಟ್ಟುಕೊಂಡಿರುವುದರಿಂದ ಒಳಗಿನ ದೋಷ ಇಷ್ಟು ಬೇಗ ಎದ್ದು ಕಾಣುತ್ತಿದೆ.

ಲಿವರನ್ನು ಮುಂದಕ್ಕೆ ತಳ್ಳಿ ಹಿಡಿದು, ಡಯಲ್ ತಿರುಗಿಸಿ, ಅತಿ ದೂರದ ಅಂಕಿಯನ್ನು ಗುರುತಿಗೆ ಸರಿಯಾಗಿ ಕೂರಿಸಿ. ಕೆಲವು ಕಂಪನಿಗಳಲ್ಲಿ 1 ಅಂದರೆ ದೂರ, ಕೆಲವದರಲ್ಲಿ ಹತ್ತಿರ. ಅಂಕಿ ನಂಬಬೇಡಿ, ಕಣ್ಣಳತೆ ನೋಡಿ. ಎರಡು ಅಂಕಿಗಳ ನಡುವೆ ನಿಲ್ಲಿಸಲೂ ಬೇಡಿ, ಓಡಿಸುವಾಗ ಜಾರಿ ಇನ್ನೊಂದು ಕಡೆಗೆ ಕೂತರೆ ಕ್ಲಚ್ ಬಿಡುವ ಜಾಗವೇ ಬೇರೆಯಾಗುತ್ತದೆ. ಆಮೇಲೆ ಸಮತಟ್ಟು ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿ, ಮುಂದೆ ಯಾರೂ ನಿಂತಿಲ್ಲ ಎಂದು ನೋಡಿಕೊಂಡು, ಮುಂದಿನ ಬ್ರೇಕ್ ಹಿಡಿದೇ ಫಸ್ಟ್ ಗೇರ್ ಹಾಕಿ. ಜಗ್ಗಾಟ ಕಡಿಮೆಯಾಗಿದ್ದರೆ ತೊಂದರೆ ಲಿವರ್ ಮತ್ತು ಆಯಿಲ್ ಕಡೆಗಿದೆ, ಎಂಜಿನ್ ಒಳಗಲ್ಲ ಎಂದು ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಯಿತು. ಆದರೆ ಅದಕ್ಕೇ ಸಮಾಧಾನಪಟ್ಟು ಓಡಿಸುತ್ತಾ ಇರಬೇಡಿ. ಒಳಗಿನದು ಒಳಗೇ ಇದೆ.

ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಹ್ಯಾಂಡಲ್ ಮೇಲಿನ ಡಬ್ಬಿಯ ಕೆಳಗೆ ಮಾಸ್ಟರ್ ಸಿಲಿಂಡರ್ ಇದೆ. ಲಿವರ್ ಒತ್ತಿದರೆ ಅದರೊಳಗಿನ ಪಿಸ್ಟನ್ ಆಯಿಲನ್ನು ಪೈಪಿಗೆ ತಳ್ಳುತ್ತದೆ. ಆ ಆಯಿಲ್ ಎಂಜಿನ್ ಪಕ್ಕದ ಸ್ಲೇವ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ, ಅದು ಒಂದು ಕಡ್ಡಿಯನ್ನು ತಳ್ಳಿ ಪ್ಲೇಟುಗಳನ್ನು ಬಿಡಿಸುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಮೇಲಿನ ಪಿಸ್ಟನ್ 14 ಮಿ.ಮೀ. ವ್ಯಾಸದ್ದು, ಅದು 10 ಮಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಅದು ತಳ್ಳುವ ಆಯಿಲ್ ಒಟ್ಟು ಒಂದೂವರೆ ಮಿಲಿ. ಕೆಳಗಿನ ಪಿಸ್ಟನ್ 35 ಮಿ.ಮೀ. ಇದ್ದರೆ ಅದು ಸರಿಯುವುದು ಬರೀ 1.6 ಮಿ.ಮೀ. ಇಷ್ಟು ಚಿಕ್ಕ ಚಲನೆಯಿಂದ ಇಡೀ ಕ್ಲಚ್ ಬಿಡಬೇಕು. ಈಗ ಪೈಪಿನಲ್ಲಿ ಎಲ್ಲೋ ಅರ್ಧ ಮಿಲಿ ಗಾಳಿ ಸೇರಿದೆ ಅನ್ನಿ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನೀವು ತಳ್ಳಿದ ಒಂದೂವರೆ ಮಿಲಿಯಲ್ಲಿ ಸುಮಾರು ಅರ್ಧ ಮಿಲಿ ಆ ಗಾಳಿಯನ್ನು ಹಿಂಡುವುದಕ್ಕೇ ಖರ್ಚು. ಮೂರರಲ್ಲಿ ಒಂದು ಪಾಲು ಹೋಯಿತು. ಲಿವರ್ ಹಿಡಿಗೆ ತಾಗಿತು, ಕ್ಲಚ್ ಅರ್ಧಂಬರ್ಧ ಬಿಟ್ಟಿತು. ಬೇಗ ಬೇಗ ಪಂಪ್ ಮಾಡಿದಾಗ ಡಬ್ಬಿಯಿಂದ ಇನ್ನಷ್ಟು ಆಯಿಲ್ ಕೆಳಗಿಳಿದು ಆ ಕೊರತೆಯನ್ನು ತಾತ್ಕಾಲಿಕವಾಗಿ ತುಂಬುತ್ತದೆ. ಘಾಟಿಯಲ್ಲಿ ಜಾಸ್ತಿಯಾದದ್ದೂ ಇದೇ ಕಾರಣಕ್ಕೆ. ಪ್ರವಾಸಿಗರ ಗಾಡಿಗಳ ಹಿಂದೆ ಹಾಫ್ ಕ್ಲಚ್‌ನಲ್ಲಿ ಏರುತ್ತ, 1,150 ಮೀಟರಿನಷ್ಟು ಎತ್ತರದ ಮಡಿಕೇರಿ ತಲುಪುವಷ್ಟರಲ್ಲಿ ಎಂಜಿನ್ ಕಾಯ್ದಿರುತ್ತದೆ. ಸ್ಲೇವ್ ಸಿಲಿಂಡರ್ ಕೂತಿರುವುದು ಅದೇ ಎಂಜಿನ್ನಿಗೆ ಅಂಟಿಕೊಂಡು. ಕಾದ ಗಾಳಿ ಹಿಗ್ಗುತ್ತದೆ.

ನಾಲ್ಕು ತಿಂಗಳು ಓಡಿಸದೆ ಇಟ್ಟ ಬೈಕಿಗೆ ಇದು ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬಹುದು. ಇಂಥ ಕ್ಲಚ್ಚಿಗೆ ಹೆಚ್ಚಾಗಿ ಹಾಕುವ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ, ಮುಚ್ಚಳ ಹಾಕಿದ್ದರೂ ನೀರಾಡುತ್ತದೆ. ಚೀಲದಲ್ಲಿಟ್ಟ ಕಾಫಿ ಬೀಜ ತೇವ ಎಳೆದು ಉಬ್ಬಿ ಬಿಳಿಚಿಕೊಳ್ಳುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬ್ರೇಕ್ ಆಯಿಲೂ ಹಾಗೆಯೇ. ರಬ್ಬರ್ ಪೈಪಿನ ಮೈಯಿಂದ, ಡಬ್ಬಿಯ ಮುಚ್ಚಳದ ಸಂದಿನಿಂದ ಸ್ವಲ್ಪ ಸ್ವಲ್ಪವೇ ತೇವ ಎಳೆಯುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು ಎಂಬುದು ಅದರ ಮಾನದಂಡ. ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿಯುವುದು ಕಡೆಯ ಹಂತ. ಅದಕ್ಕಿಂತ ಮೊದಲೇ ಆ ನೀರು ಸಿಲಿಂಡರಿನ ಅಲ್ಯೂಮಿನಿಯಂ ಗೋಡೆಯನ್ನು ಕೊರೆಯತೊಡಗುತ್ತದೆ. ಟಾರ್ಪಾಲ್ ಮಳೆಯನ್ನೇನೋ ತಡೆಯುತ್ತದೆ, ಆದರೆ ನೆಲದ ತೇವವನ್ನು ಒಳಗೇ ಕೂಡಿಹಾಕುತ್ತದೆ. ಮುಂದಿನ ಮಳೆಗಾಲಕ್ಕೆ ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ, ವಾರಕ್ಕೊಮ್ಮೆ ಹೋಗಿ ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ಪಿಸ್ಟನ್ನಿನ ರಬ್ಬರ್ ಸೀಲುಗಳು ಒಂದೇ ಜಾಗದಲ್ಲಿ ಅಂಟಿ ಕೂರುವುದು ತಪ್ಪುತ್ತದೆ.

ಈಗ ನಿಮ್ಮ ಇನ್ನೊಂದು ಮಾತು: ಆಯಿಲ್ ಮೇಲಿನ ಗೆರೆಯವರೆಗೂ ಇದೆ, ಹಾಗಾಗಿ ಲೀಕ್ ಇಲ್ಲ ಎಂದು ನೀವು ಭಾವಿಸಿದ್ದೀರಿ. ಬ್ರೇಕಿನಲ್ಲಿ ಪ್ಯಾಡ್ ಸವೆದಂತೆ ಡಬ್ಬಿಯ ಆಯಿಲ್ ಇಳಿಯುತ್ತದೆ. ನಿಮ್ಮಂಥ ಕ್ಲಚ್ಚಿನಲ್ಲಿ ಉಲ್ಟಾ. ಪ್ಲೇಟುಗಳು ತೆಳ್ಳಗಾದಂತೆ ಅವುಗಳನ್ನು ಅದುಮಿ ಹಿಡಿಯುವ ಒತ್ತು ತಟ್ಟೆ ಒಳಕ್ಕೆ ಸರಿಯುತ್ತದೆ, ಕಡ್ಡಿ ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ, ಅಲ್ಲಿದ್ದ ಆಯಿಲ್ ಮೇಲೆ ಡಬ್ಬಿಗೆ ಬರುತ್ತದೆ. ಅಂದರೆ ಮಟ್ಟ ಕಾಲಕ್ರಮೇಣ ಏರುತ್ತದೆ. ಕೇಬಲ್‌ನಂತೆ ಆಗಾಗ ಅಡ್ಜಸ್ಟ್ ಮಾಡಬೇಕಾಗಿಲ್ಲ, ತನ್ನಷ್ಟಕ್ಕೆ ಸರಿಮಾಡಿಕೊಳ್ಳುತ್ತದೆ ಎನ್ನುವುದು ಇದನ್ನೇ. ಹಾಗಾಗಿ ಎರಡು ವರ್ಷದಲ್ಲಿ ಸೀಲಿನಿಂದ ಸ್ವಲ್ಪ ಆಯಿಲ್ ಹೊರಗೆ ಹೋಗಿ, ಪ್ಲೇಟ್ ಸವೆತದಿಂದ ಅಷ್ಟೇ ಮೇಲೆ ಬಂದಿದ್ದರೆ ಮಟ್ಟ ನೋಡಿ ನಿಮಗೆ ಏನೂ ತಿಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನಾನು ಮೆಕ್ಯಾನಿಕ್ ಕೆಲಸ ಕಲಿತದ್ದು ತೋಟದ ಜೀಪುಗಳ ಬ್ರೇಕ್ ಮಾಡುತ್ತ. ಡಬ್ಬಿ ತುಂಬಿಸುವುದು ಒಳ್ಳೆಯದು ಎಂದೇ ತಲೆಯಲ್ಲಿ ಕೂತಿತ್ತು. ವರ್ಷಗಳ ಹಿಂದೆ ಒಬ್ಬರ ಬೈಕಿನ ಕ್ಲಚ್ ಡಬ್ಬಿಯನ್ನು ಅಂಚಿನವರೆಗೆ ತುಂಬಿಸಿ ಕಳಿಸಿದೆ. ಅವರು ಘಾಟಿ ಇಳಿದು ಮರುದಿನ ಏರಿ ಬರುವಾಗ ಕ್ಲಚ್ ಜಾರಲು ಶುರುವಾಯಿತು, ಅರ್ಧ ದಾರಿಯಲ್ಲಿ ನಿಂತರು, ಜೊತೆಗೆ ಮಗು ಬೇರೆ ಇತ್ತು. ನಾನು ಹೋಗಿ ಮುಚ್ಚಳ ತೆಗೆದು ಎರಡು ಚಮಚ ಆಯಿಲ್ ಹೊರತೆಗೆದೆ, ಕ್ಲಚ್ ಸರಿಯಾಯಿತು. ಕಾದು ಹಿಗ್ಗಿದ ಆಯಿಲ್‌ಗೆ ಡಬ್ಬಿಯಲ್ಲಿ ಜಾಗವಿಲ್ಲದೆ, ಅದು ಸ್ಲೇವ್ ಪಿಸ್ಟನ್ನನ್ನೇ ಒತ್ತಿ ಹಿಡಿದಿತ್ತು. ಅಂದಿನಿಂದ ನಾನು ಕ್ಲಚ್ ಡಬ್ಬಿಯನ್ನು ಮೇಲಿನ ಗೆರೆ ದಾಟಿ ತುಂಬಿಸುವುದಿಲ್ಲ. ಪ್ಲೇಟ್ ಹೊಸದಾಗಿದ್ದರೆ ಗೆರೆಗಿಂತ ತುಸು ಕೆಳಗೇ ನಿಲ್ಲಿಸುತ್ತೇನೆ.

ಬಣ್ಣ ಕಪ್ಪಾಗಿದೆ ಎಂದಿರಿ. ಹೊಸ ಆಯಿಲ್ ತೆಳು ಜೇನಿನ ಬಣ್ಣ. ಬೆಲ್ಲದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಬದಲಾಯಿಸುವ ಕಾಲ ದಾಟಿದೆ.

ಆದರೆ ಆಯಿಲ್ ಬದಲಾಯಿಸುವ ಮೊದಲು ಹತ್ತು ನಿಮಿಷ ಕೂತು ನೋಡಬೇಕಾದ ಮೂರು ಜಾಗಗಳಿವೆ. ಒಂದು, ಲಿವರ್ ಪಿಸ್ಟನ್ನನ್ನು ಒತ್ತುವ ಜಾಗದ ಚಿಕ್ಕ ರಬ್ಬರ್ ಮುಸುಕು. ಅದನ್ನು ಮೆಲ್ಲಗೆ ಎತ್ತಿ ಒಳಗೆ ಬಿಳಿ ಕಾಗದದ ಚೂರು ತಾಗಿಸಿ. ಒದ್ದೆಯಾದರೆ ಮಾಸ್ಟರ್ ಸಿಲಿಂಡರಿನ ಸೀಲ್ ಸೋರುತ್ತಿದೆ. ಎರಡನೆಯದು ಸ್ಲೇವ್ ಸಿಲಿಂಡರ್. ಹೆಚ್ಚಿನ ಬೈಕುಗಳಲ್ಲಿ ಅದು ಎಡಗಡೆ, ಚೈನ್ ಸುತ್ತುವ ಹಲ್ಲುಗಾಲಿಯ, ಅಂದರೆ ಮುಂದಿನ ಸ್ಪ್ರಾಕೆಟ್ಟಿನ ಪಕ್ಕದಲ್ಲೇ ಇರುತ್ತದೆ. ಚೈನಿಗೆ ಹಚ್ಚಿದ ಗ್ರೀಸು, ನಮ್ಮ ದಾರಿಗಳ ಕೆಂಪು ಕೆಸರು ಸೇರಿ ಅಲ್ಲಿ ಹಿಟ್ಟು ನಾದಿಟ್ಟ ಹಾಗೆ ಮೆತ್ತಿಕೊಂಡಿರುತ್ತದೆ. ಲೀಕ್ ಆದರೂ ಆ ಮೆತ್ತೆ ಹೀರಿಕೊಳ್ಳುವುದರಿಂದ ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ. ಸ್ಪ್ರಾಕೆಟ್ ಮುಚ್ಚಳ ಬಿಚ್ಚಿ ಕೆಸರು ಕೆರೆದು ನೋಡಿ. ಪೇಂಟ್ ಗುಳ್ಳೆ ಎದ್ದಿದ್ದರೆ ಅಥವಾ ಕೆಸರು ಒಂದೇ ಜಾಗದಲ್ಲಿ ತೆಳ್ಳಗೆ ಜಾರುವಂತಿದ್ದರೆ ಸೀಲ್ ಹೋಗಿದೆ. ಲೀಕ್ ಕಾಣುವುದಿಲ್ಲ ಎಂದು ಹೇಳಿದ ಎಷ್ಟೋ ಬೈಕುಗಳಲ್ಲಿ ಲೀಕ್ ಇದ್ದದ್ದು ಈ ಮುಚ್ಚಳದ ಹಿಂದೆ.

ಮೂರನೆಯದು ನಿಮ್ಮ ಮಡಚುವ ಲಿವರ್. ಅದನ್ನು ಬಿಚ್ಚಿದರೆ ಪಿಸ್ಟನ್ ಕಡ್ಡಿಯ ತುದಿ ಕೂರುವ ಹಿತ್ತಾಳೆಯ ಚಿಕ್ಕ ಬುಷ್ ಸಿಗುತ್ತದೆ. ಕಡ್ಡಿ ವರ್ಷಗಟ್ಟಲೆ ತಿಕ್ಕಿ ಅದರ ತೂತು ಮೊಟ್ಟೆಯಾಕಾರವಾಗಿರುತ್ತದೆ. ಲಿವರ್ ಒಂದು ಸೆಂಟಿಮೀಟರ್ ಬಂದ ಮೇಲೆ ಪಿಸ್ಟನ್ ಅಲುಗುವುದಾದರೆ ಆ ಓಟ ಸುಮ್ಮನೆ ದಂಡ. ಹೊರಗಿನ ಲಿವರುಗಳಲ್ಲಿ ಇನ್ನೊಂದು ತೊಂದರೆ, ಅಳತೆ ಕೂದಲೆಳೆಯಷ್ಟು ತಪ್ಪಿರುತ್ತದೆ. ಒಂದು ಕಡೆ ತಪ್ಪಿದರೆ ಹೀಗೆ ಓಟ ಕಡಿಮೆಯಾಗುತ್ತದೆ. ಇನ್ನೊಂದು ಕಡೆ ತಪ್ಪಿದರೆ ಅದು ಹೆಚ್ಚು ಅಪಾಯ: ಲಿವರ್ ಪೂರ್ತಿ ಬಿಟ್ಟಿದ್ದರೂ ಪಿಸ್ಟನ್ ತುಸು ಒತ್ತಿಕೊಂಡೇ ಇರುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಮೊನೆಯಷ್ಟು ಚಿಕ್ಕ ತೂತೊಂದಿದೆ, ಲಿವರ್ ಬಿಟ್ಟಾಗ ಆಯಿಲ್ ಡಬ್ಬಿಗೆ ವಾಪಸ್ ಬರುವ ದಾರಿ ಅದು. ಪಿಸ್ಟನ್ ಒತ್ತಿಕೊಂಡಿದ್ದರೆ ಆ ತೂತು ಮುಚ್ಚಿರುತ್ತದೆ, ಬಿಸಿಯಾದಾಗ ಒತ್ತಡ ಒಳಗೇ ಉಳಿದು ಕ್ಲಚ್ ಜಾರುತ್ತದೆ, ಚೆನ್ನಾಗಿದ್ದ ಪ್ಲೇಟುಗಳು ಸುಟ್ಟುಹೋಗುತ್ತವೆ. ಲಿವರ್ ತುದಿಯನ್ನು ಬೆರಳಿನಿಂದ ಅಲ್ಲಾಡಿಸಿದರೆ, ಪಿಸ್ಟನ್ ಮುಟ್ಟುವ ಮೊದಲು ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಅದು ಇಲ್ಲದಿದ್ದರೂ, ಬಹಳ ಇದ್ದರೂ ಆ ಲಿವರ್ ತೆಗೆದು ಕಂಪನಿಯ ಲಿವರ್ ಹಾಕಿ. ನೋಡಲು ಚೆಂದ ಇರುವ ಲಿವರುಗಳ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಅಳತೆ ಕೂಡದ ಲಿವರನ್ನು ಫೈಲ್ ಹಾಕಿ ಉಜ್ಜಿ ಕೂರಿಸುವುದನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ಬುಷ್‌ಗೂ ಲಿವರ್ ತಿರುಗುವ ಪಿವಟ್ ಬೋಲ್ಟಿಗೂ ಸಿಲಿಕೋನ್ ಗ್ರೀಸ್ ಒಂದು ಚಿಟಿಕೆ ಹಚ್ಚಿ. ಚೈನ್ ಗ್ರೀಸ್ ಬೇಡ, ಪಕ್ಕದ ರಬ್ಬರ್ ಉಬ್ಬುತ್ತದೆ.

ಇನ್ನು ಏರ್ ತೆಗೆಯುವ ಕೆಲಸ. ನೀವು ಸ್ವತಃ ಮಾಡಬಹುದು, ಇನ್ನೊಬ್ಬರು ಕೈಜೋಡಿಸಿದರೆ ಒಂದು ಗಂಟೆ ಸಾಕು. ಮೊದಲು ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆ ಓದಿ. ಹೆಚ್ಚಿನ ಬೈಕುಗಳಲ್ಲಿ ಡಾಟ್ 4 ಎಂದಿರುತ್ತದೆ. ಕೆಲವು ಬೈಕುಗಳ ಕ್ಲಚ್ಚಿಗೆ, ಕೆಟಿಎಂನ ಕೆಲವು ಮಾಡೆಲ್‌ಗಳಂತೆ, ಮಿನರಲ್ ಆಯಿಲ್ ಹಾಕಬೇಕು. ಇದಕ್ಕೆ ಅದು, ಅದಕ್ಕೆ ಇದು ಹಾಕಿದರೆ ಸೀಲುಗಳು ಉಬ್ಬಿ ಹಾಳಾಗುತ್ತವೆ, ಆಮೇಲೆ ಮೇಲಿಂದ ಕೆಳಗಿನವರೆಗೆ ಎಲ್ಲ ರಬ್ಬರ್ ಬದಲಾಯಿಸದೆ ಗತಿಯಿಲ್ಲ. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಬೇರೆಯೇ ಜಾತಿ, ಡಾಟ್ 5.1 ಎಂಬುದು ಡಾಟ್ 4ರ ಜಾತಿಯದೇ. ಹೆಸರು ಹತ್ತಿರವಿದೆ ಎಂದು ಮೋಸಹೋಗಬೇಡಿ. ಅಂಗಡಿಯಲ್ಲಿ ಸೀಲ್ ಒಡೆಯದ ಚಿಕ್ಕ ಬಾಟಲಿ, 250 ಮಿಲಿಯದು, ಕೊಳ್ಳಿ. ಮನೆಯಲ್ಲಿ ಕಳೆದ ವರ್ಷ ಒಡೆದ ಬಾಟಲಿ ಉಳಿದಿದ್ದರೆ ಅದು ನಮ್ಮ ಮಳೆಗಾಲವನ್ನು ಕುಡಿದು ಕೂತಿದೆ, ಬಳಸಬೇಡಿ.

ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಳ್ಳಿ, ಬಿದ್ದ ಕೂಡಲೇ ನೀರು ಹೊಯ್ಯಿರಿ. ಕಣ್ಣಿಗೆ ಕನ್ನಡಕ ಇರಲಿ. ಹ್ಯಾಂಡಲ್ ತಿರುಗಿಸಿ ಡಬ್ಬಿ ಸಮತಟ್ಟಾಗುವಂತೆ ಇಡಿ. ಮುಚ್ಚಳದ ಸ್ಕ್ರೂಗಳು ತೇವಕ್ಕೆ ಹಿಡಿದಿರುತ್ತವೆ, ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಅದರ ತಲೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟ ಮೇಲೆ ತಿರುಗಿಸಿ. ಹಾಗೆಯೇ ತಿರುಗಿಸಿದರೆ ತಲೆ ಸವೆದು ಬೇರೆ ಕೆಲಸ ಹುಟ್ಟಿಕೊಳ್ಳುತ್ತದೆ. ಹಳೆಯ ಆಯಿಲನ್ನು ಸಿರಿಂಜಿನಿಂದ ಎಳೆದು, ಡಬ್ಬಿಯ ತಳದ ಕೆಸರನ್ನು ಶುಭ್ರವಾದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದನ್ನೂ ಹತ್ತಿರ ತರಬೇಡಿ. ಇವುಗಳಿಂದ ತೊಳೆದ ಸೀಲ್ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊಸ ಆಯಿಲ್ ತುಂಬಿಸಿ, ಲಿವರನ್ನು ತೀರಾ ಸಣ್ಣಗೆ, ಸೆಂಟಿಮೀಟರಿನಷ್ಟು ಮಾತ್ರ, ಮೆಲ್ಲಗೆ ಒತ್ತಿ ಬಿಡುತ್ತ ಡಬ್ಬಿಯೊಳಗೆ ನೋಡಿ. ಆ ಸೂಜಿಮೊನೆ ತೂತಿನಿಂದ ಪುಟ್ಟ ಗುಳ್ಳೆಗಳು ಬರುತ್ತವೆ, ಅಥವಾ ಆಯಿಲ್ ಚಿಮ್ಮಿದಂತೆ ಸಣ್ಣ ಅಲೆ ಏಳುತ್ತದೆ. ಏನೂ ಆಗದಿದ್ದರೆ ತೂತು ಕಟ್ಟಿದೆ ಎಂದು ಅನುಮಾನಿಸಬೇಕು. ಗುಳ್ಳೆ ನಿಂತ ಮೇಲೆ ಕೆಳಗೆ ಸ್ಲೇವ್ ಸಿಲಿಂಡರಿನಲ್ಲಿ ಗಾಳಿ ತೆಗೆಯಲೆಂದೇ ಇರುವ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ (ಹೆಚ್ಚಾಗಿ 8 ನಂಬರ್), ಅದರ ತುದಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು. ನೀವು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ, ಆಯಿಲ್ ಹರಿದ ಕೂಡಲೇ ಮುಚ್ಚಿ, ಆಮೇಲೆಯೇ 'ಬಿಡಿ' ಅನ್ನಿ. ಈ ಕ್ರಮ ತಪ್ಪಿ ಮೊದಲು ಲಿವರ್ ಬಿಟ್ಟರೆ ತೆಗೆದ ಗಾಳಿಯೆಲ್ಲ ವಾಪಸ್ ಒಳಗೆ. ಪ್ರತಿ ನಾಲ್ಕೈದು ಸಲಕ್ಕೆ ಡಬ್ಬಿ ನೋಡುತ್ತಿರಿ, ತಳ ಕಂಡರೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಪೈಪಿನಲ್ಲಿ ಗುಳ್ಳೆ ನಿಂತು ಜೇನಿನ ಬಣ್ಣ ಬರುವವರೆಗೂ ಮುಂದುವರಿಸಿ. ನಿಪ್ಪಲ್ ಟೊಳ್ಳು, ಕೊನೆಯಲ್ಲಿ ಬಲ ಹಾಕಿ ಬಿಗಿದರೆ ಮುರಿಯುತ್ತದೆ.

ಗಾಳಿಗೆ ಮೇಲೇರುವ ಸ್ವಭಾವ, ನಾವು ಅದನ್ನು ಕೆಳಕ್ಕೆ ಓಡಿಸಲು ಹೋಗುತ್ತಿದ್ದೇವೆ. ಹಾಗಾಗಿ ಕೆಲವು ಬೈಕುಗಳಲ್ಲಿ ಎಷ್ಟು ಮಾಡಿದರೂ ಒಂದು ಹನಿ ಗಾಳಿ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ, ಪೈಪಿನ ಬೋಲ್ಟ್ ಇರುವ ಎತ್ತರದ ಜಾಗದಲ್ಲಿ ಕೂತುಬಿಡುತ್ತದೆ. ಆಗ ನಾನು ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ ಕೆಳಗಿನ ನಿಪ್ಪಲ್‌ನಿಂದಲೇ ಮೇಲಕ್ಕೆ ಮೆಲ್ಲಗೆ ತಳ್ಳುತ್ತೇನೆ, ಡಬ್ಬಿ ಉಕ್ಕದಂತೆ ಮೇಲೆ ಒಬ್ಬರು ಎಳೆಯುತ್ತಿರಬೇಕು. ಒಳಗೆ ಕೆಸರಿದ್ದರೆ ಹೀಗೆ ಮಾಡಬಾರದು, ಅದು ಹೋಗಿ ಆ ಚಿಕ್ಕ ತೂತಿನಲ್ಲಿ ಕೂರುತ್ತದೆ. ಹಾಗಾಗಿ ನಿಮ್ಮ ಬೈಕಿನ ಕಪ್ಪು ಆಯಿಲ್ ಮೊದಲು ಕೆಳಗಿನಿಂದಲೇ ಹೊರಗೆ ಹೋಗಲಿ. ಪೈಪಿನ ಬೋಲ್ಟ್ ಬಿಚ್ಚಿದರೆ ಅದರ ಎರಡೂ ಕಡೆಯ ವಾಷರ್ ಹೊಸದೇ ಹಾಕಿ. ಲಿವರನ್ನು ರಬ್ಬರ್ ಬ್ಯಾಂಡಿನಿಂದ ರಾತ್ರಿಯಿಡೀ ಕಟ್ಟಿಡುವ ಉಪಾಯವನ್ನೂ ನೀವು ಕೇಳಿರಬಹುದು. ಬೆಳಿಗ್ಗೆ ಬಿಟ್ಟಾಗ ಸಣ್ಣ ಗುಳ್ಳೆಗಳು ಮೇಲೆ ಬರುತ್ತವೆ, ನಾನೂ ಮಾಡುತ್ತೇನೆ. ಆದರೆ ಹಳೆಯ ಆಯಿಲ್ ಒಳಗಿಟ್ಟುಕೊಂಡು ಬರೀ ಇದನ್ನು ಮಾಡಿ ಸರಿಯಾಯಿತು ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಏರ್ ತೆಗೆದ ಮೇಲೆ ಎಂಜಿನ್ ಬಂದ್ ಇಟ್ಟು ಲಿವರನ್ನು ಒಂದೇ ಬಲದಲ್ಲಿ ಎರಡು ನಿಮಿಷ ಹಿಡಿದು ಕೂರಿ. ಕಲ್ಲಿನಂತೆ ನಿಂತರೆ ಸಂತೋಷ. ಮೆಲ್ಲಮೆಲ್ಲಗೆ ಹಿಡಿಯ ಕಡೆ ಮುಳುಗುತ್ತಿದ್ದರೆ, ಹೊರಗೆ ಎಲ್ಲೂ ಒದ್ದೆಯಿಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ ಎಂಬ ರಬ್ಬರ್ ಸೀಲ್ ಸವೆದು ಆಯಿಲ್ ಅದರ ಪಕ್ಕದಿಂದ ನುಸುಳುತ್ತಿದೆ. ಅದಕ್ಕೆ ಪಿಸ್ಟನ್, ಕಪ್, ಸ್ಪ್ರಿಂಗ್ ಸೇರಿದ ಕಿಟ್ ಸಿಗುತ್ತದೆ. ಹಾಕುವ ಮೊದಲು ಸಿಲಿಂಡರ್ ಒಳಗೋಡೆಗೆ ಟಾರ್ಚ್ ಬಿಟ್ಟು ನೋಡಿ, ಉಗುರಿಗೆ ತಾಗುವ ಗುಳಿ ಇದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಹೊಸ ಕಪ್ ವರ್ಷದೊಳಗೆ ಕತ್ತರಿಸಿಹೋಗುತ್ತದೆ. ಸ್ಲೇವ್ ಸಿಲಿಂಡರಿಗೂ ಇದೇ ಮಾತು. ಅದನ್ನು ಬಿಚ್ಚಿದಾಗ ಮಾತ್ರ ಯಾರೂ ಲಿವರ್ ಮುಟ್ಟದಂತೆ ಕಟ್ಟಿಹಾಕಿ, ಒಮ್ಮೆ ಒತ್ತಿದರೂ ಪಿಸ್ಟನ್ ಹಾರಿ ಹೊರಗೆ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಖಂಡಿತ ನೆನಪಿಡಿ, ಬೈಕಿನ ಮೇಲೆ ಹತ್ತಿ ಮೊದಲು ಒತ್ತುವುದೇ ಲಿವರನ್ನು.

ಬಾವನ ಅನುಮಾನ ಯಾವಾಗ ನಿಜವಾಗುತ್ತದೆ ಎಂದೂ ಹೇಳಬೇಕು. ಇಷ್ಟೆಲ್ಲ ಮಾಡಿ ಲಿವರ್ ಗಟ್ಟಿಯಾದ ಮೇಲೂ, ಡಯಲ್ ದೂರಕ್ಕಿಟ್ಟಾಗಲೂ, ಪಂಪ್ ಮಾಡಿದರೂ ಮಾಡದಿದ್ದರೂ ಒಂದೇ ರೀತಿ ಜಗ್ಗುತ್ತಿದ್ದರೆ ಕ್ಲಚ್ ಮುಚ್ಚಳ ಬಿಚ್ಚಬೇಕು. ಆಗಲೂ ನೋಡಬೇಕಾದ್ದು ಸವೆತವನ್ನಲ್ಲ. ಸ್ಟೀಲ್ ಪ್ಲೇಟ್ ಬಾಗಿದೆಯೇ, ಪ್ಲೇಟುಗಳು ಕೂರುವ ಬಾಸ್ಕೆಟ್ಟಿನ ಬೆರಳುಗಳಲ್ಲಿ ಪ್ಲೇಟ್ ಹೊಡೆದು ಹಳ್ಳ ಬಿದ್ದಿದೆಯೇ, ನಾಲ್ಕು ತಿಂಗಳು ನಿಂತು ಪ್ಲೇಟುಗಳು ಒಂದಕ್ಕೊಂದು ಅಂಟಿವೆಯೇ ಎಂದು. ಎಂಜಿನ್ ಆಯಿಲ್ ಡಬ್ಬದ ಮೇಲೆ ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂದು ತಿಳಿಸುವ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತಿದೆಯೇ ಎಂದೂ ನೋಡಿ. ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಬೈಕಿಗೆ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಲು ಅದೇ ಸಾಕು.

ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಎನ್ನುತ್ತವೆ. ಕೊಡಗಿನ ಬೈಕಿಗೆ ನಾನು ಹೇಳುವುದು ವರ್ಷಕ್ಕೊಮ್ಮೆ, ಅದೂ ಮಳೆ ಮುಗಿದ ಮೇಲೆ. ಮಳೆಗೆ ಮೊದಲು ಬದಲಾಯಿಸಿದರೆ ಹೊಸ ಆಯಿಲ್ಲೇ ತೇವ ಎಳೆದು, ಬೇಸಿಗೆಯ ಓಡಾಟಕ್ಕೆ ಹಳೆಯದಾಗಿರುತ್ತದೆ. ಆಯುಧಪೂಜೆಗೆ ಬೈಕ್ ತೊಳೆಯುವ ದಿನವೇ ಈ ಕೆಲಸವನ್ನೂ ಇಟ್ಟುಕೊಂಡರೆ ಮರೆಯುವುದಿಲ್ಲ. ಅಲ್ಲಿಯವರೆಗೆ, ಅಂದರೆ ಈ ಕೆಲಸ ಆಗುವವರೆಗೆ, ಸಂಪಾಜೆ ಅಥವಾ ಮಾಕುಟ್ಟ ಘಾಟಿಗೆ ಈ ಬೈಕ್ ಒಯ್ಯಬೇಡಿ. ದಾರಿ ಮಧ್ಯೆ ಲಿವರ್ ಪೂರ್ತಿ ಕುಸಿದರೆ ತಿರುವಿನಲ್ಲಿ ನಿಲ್ಲದೆ, ಆಕ್ಸಿಲರೇಟರ್ ಇಳಿಸುತ್ತ ಅಗಲವಾದ ಜಾಗ ನೋಡಿ ಬದಿಗೆ ತಂದು, ನಿಲ್ಲುವ ಮುಂಚೆಯೇ ನ್ಯೂಟ್ರಲ್ ಮಾಡಿ ಅಥವಾ ಎಂಜಿನ್ ಬಂದ್ ಮಾಡಿ. ಅಲ್ಲಿಂದ ಪಿಕಪ್ ಕರೆಸಿ. ಇಷ್ಟು ಭಾರದ ಬೈಕನ್ನು ಕ್ಲಚ್ ಇಲ್ಲದೆ ಏರಿನಲ್ಲಿ ಮತ್ತೆ ಹೊರಡಿಸುವ ಪ್ರಯತ್ನ ಬೇಡ.

ಕೊನೆಯದಾಗಿ ಒಂದು ಕೆಲಸ. ಹೊರಬಂದ ಹಳೆಯ ಆಯಿಲನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯಬೇಡಿ. ಗಾಜಿನ ಶೀಶೆಯಲ್ಲಿ ತುಂಬಿ, ಮಕ್ಕಳಿಗೆ ಎಟುಕದ ಜಾಗದಲ್ಲಿ ಎರಡು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಮೃದುವಾದ ಕಪ್ಪು ಪುಡಿ ಕೂತಿದ್ದರೆ ಅದು ಸೀಲಿನ ರಬ್ಬರ್, ಕಿಟ್ ತರಿಸಿ ಇಟ್ಟುಕೊಳ್ಳಿ. ಬೆರಳಿಗೆ ಹತ್ತಿದರೆ ಮಿನುಗುವ ಬೂದು ಪುಡಿ ಇದ್ದರೆ ಅದು ಸಿಲಿಂಡರ್ ಅಥವಾ ಪಿಸ್ಟನ್ನಿನ ಲೋಹ. ಆಗ ಬರೀ ರಬ್ಬರ್ ಕಿಟ್ ಸಾಲದು, ಸ್ಲೇವ್ ಸಿಲಿಂಡರನ್ನು ಬಿಚ್ಚಿಯೇ ನೋಡಬೇಕು. ಯಾವ ಪುಡಿ ಸಿಕ್ಕಿತು, ಎರಡು ನಿಮಿಷದ ಪರೀಕ್ಷೆಯಲ್ಲಿ ಲಿವರ್ ನಿಂತಿತೋ ಮುಳುಗಿತೋ ಎಂದು ಬರೆದು ತಿಳಿಸಿ. ಶೀಶೆಯನ್ನು ಆಮೇಲೆ ಹಳೆಯ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ, ಆದರೆ ಎಂಜಿನ್ ಆಯಿಲ್ ಡ್ರಮ್ಮಿಗೆ ಬೆರೆಸದೆ ಬೇರೆಯೇ ಇಡಲು ಹೇಳಿ.